ನಾವು ತೊಡುವುದು ಗಾಳಿಯನ್ನು

ಕೆಲವು ತಿಂಗಳ ಹಿಂದೆ, ಜನವರಿಯ ಒಂದು ಮುಂಜಾನೆ, ನಮ್ಮ ಕಾಲೇಜಿನ ಇಪ್ಪತ್ತು ಮಂದಿ ವಿದ್ಯಾರ್ಥಿಗಳೊಡನೆ ನಾವು ಮುಳ್ಳಯ್ಯನಗಿರಿಯನ್ನು ಏರಿದೆವು. ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದಲ್ಲಿರುವ ಈ ಶಿಖರವೇ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರವಾದುದು. ನೆತ್ತಿಯ ಸಮೀಪದವರೆಗೂ ವಾಹನದಲ್ಲಿಯೇ ಹೋಗಬಹುದು. ಆದರೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಕಾಲುಗಳಿರುವುದು ಪ್ರಯೋಗಶಾಲೆಯಲ್ಲಿ ನಿಲ್ಲುವುದಕ್ಕೆ ಮಾತ್ರವಲ್ಲವೆಂದು ಹೇಳಿ, ಸರ್ಪಧಾರಿಯ ಕಡೆಯ ಕಾಲುದಾರಿಯನ್ನು ಹಿಡಿದೆವು.

ಹೊರಟಾಗ ಆರೂವರೆ ಗಂಟೆ. ಕಣಿವೆಯಲ್ಲಿ ಮಂಜು ದಟ್ಟವಾಗಿ ಕವಿದಿತ್ತು. ನಮ್ಮ ಜೊತೆಯಲ್ಲಿದ್ದ ಉಷ್ಣಮಾಪಕ 12 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಎಲ್ಲರೂ ತಂದಿದ್ದುದನ್ನೆಲ್ಲ ಮೈಮೇಲೆ ಏರಿಸಿಕೊಂಡಿದ್ದರು. ಅವರಲ್ಲಿ ಒಬ್ಬ ತರುಣನ ಉಡುಪು ಎಲ್ಲರ ಕಣ್ಣನ್ನೂ ಸೆಳೆಯುತ್ತಿತ್ತು. ಈ ಪ್ರವಾಸಕ್ಕೆಂದೇ ಕೊಂಡ, ದಿಂಬಿನಂತೆ ಉಬ್ಬಿದ, ಕಡುನೀಲಿಯ ಹೊಸ ಜಾಕೆಟ್ಟು. ಅದರೊಳಗೆ ದಪ್ಪ ಹತ್ತಿಯ ಅಂಗಿ. ಅದರೊಳಗೆ ಹತ್ತಿಯ ಬನಿಯನ್ನು. ಹತ್ತು ನಿಮಿಷ ಏರುವಷ್ಟರಲ್ಲಿ ಅವನ ಹಣೆಯಿಂದ ಬೆವರು ಇಳಿಯಲಾರಂಭಿಸಿತು.

“ಏನಪ್ಪ, ಆ ಜಾಕೆಟ್ಟನ್ನು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಬಾರದೆ?” ಎಂದೆವು.

“ಒಳಗಿರೋದು ಹಳೇ ಅಂಗಿ ಸಾರ್. ಎಲ್ಲರೂ ಫೋಟೋ ತೆಗೀತಾ ಇದಾರೆ” ಎಂದು ನಕ್ಕನು. ನಾವೂ ನಕ್ಕು ಮುಂದಕ್ಕೆ ನಡೆದೆವು. ಉಷ್ಣಶಾಸ್ತ್ರವನ್ನು ಹತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾವು ಅಲ್ಲಿ ನಗಬಾರದಾಗಿತ್ತು.

ನೆತ್ತಿಯ ಮೇಲೆ ಗಾಳಿ ಭೋರೆಂದು ಬೀಸುತ್ತಿತ್ತು. ಉಷ್ಣತೆ 10 ಡಿಗ್ರಿಗೆ ಇಳಿದಿತ್ತು. ಏರಿದ ಸೆಖೆಗೆ ಆ ತರುಣನು ಜಾಕೆಟ್ಟಿನ ಜಿಪ್ಪನ್ನು ಪೂರ್ತಿ ತೆರೆದು ಕಟ್ಟೆಯ ಮೇಲೆ ಕುಳಿತನು. ಅರ್ಧ ಗಂಟೆಯೊಳಗೆ ಅವನು ಗಡಗಡ ನಡುಗುತ್ತಿದ್ದನು. ತೆರೆದ ಜಿಪ್ಪನ್ನು ಮತ್ತೆ ಎಳೆಯಲು ಬೆರಳುಗಳು ಕೇಳಲೊಲ್ಲವು. ಪ್ರಶ್ನೆ ಕೇಳಿದರೆ ಉತ್ತರ ತಡವಾಗಿ, ತೊದಲುತ್ತ ಬರುತ್ತಿತ್ತು. ಅವನ ಪಕ್ಕದಲ್ಲಿಯೇ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿಯಾದರೋ ನಿಶ್ಚಿಂತೆಯಿಂದ ಚಕ್ಕುಲಿ ತಿನ್ನುತ್ತಿದ್ದಳು. ಆಕೆಯ ಮೈಮೇಲಿದ್ದುದು ಒಂದು ತೆಳುವಾದ ನೂಲಿನ ಅಂಗಿ, ಅಜ್ಜಿ ಹೆಣೆದುಕೊಟ್ಟ ತೋಳಿಲ್ಲದ ಉಣ್ಣೆಯ ಸ್ವೆಟರು, ಮತ್ತು ಗಾಳಿ ತೂರದ ಒಂದು ತೆಳು ಜಾಕೆಟ್ಟು. ಏರುವಾಗ ಮೇಲಿನ ಎರಡನ್ನೂ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ತುದಿ ತಲಪಿದ ಕೂಡಲೆ ಒಂದಾದ ಮೇಲೊಂದರಂತೆ ತೊಟ್ಟುಕೊಂಡಳು.

ನಡುಗುತ್ತಿದ್ದವನನ್ನು ಗುಡಿಯ ಗೋಡೆಯ ಮರೆಗೆ ಕರೆದೊಯ್ದು ಅಂಗಿ ಬನಿಯನ್ನುಗಳನ್ನು ಬಿಚ್ಚಿಸಿದೆವು. ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿದ್ದುವು. ಮೈಯನ್ನು ಒರೆಸಿ, ಗೆಳೆಯನೊಬ್ಬನ ಒಣಗಿದ ಅಂಗಿಯನ್ನು ತೊಡಿಸಿದೆವು. ದೇವರ ದರ್ಶನಕ್ಕೆ ಬಂದಿದ್ದ ಒಬ್ಬ ಮುದುಕರು ತಮ್ಮ ಹೆಗಲ ಮೇಲಿನ ಕಂಬಳಿಯನ್ನು ತೆಗೆದು, “ಹೊದಿಸಿ ಮೇಷ್ಟ್ರೆ, ಹುಡುಗನ ತುಟಿ ನೀಲಿಗಟ್ಟಿದೆ” ಎಂದರು. ಬಿಸಿ ಚಹಾ ಕುಡಿದು ಇಪ್ಪತ್ತು ನಿಮಿಷದಲ್ಲಿ ಅವನು ಮೊದಲಿನಂತಾದನು. ಇಳಿಯುವಾಗ ಅವನು ಕೇಳಿದ ಪ್ರಶ್ನೆ ಇದು: “ಸಾರ್, ಎಲ್ಲರಿಗಿಂತ ದಪ್ಪ ಜಾಕೆಟ್ಟು ನಂದೇ. ನನಗೇ ಯಾಕೆ ಚಳಿ ಹತ್ತಿತು?”

ದಾರಿಯಲ್ಲಿ ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ತಿಗೊಳಿಸುವುದಕ್ಕಾಗಿ ಈ ಲೇಖನ.

ಮೊದಲು ಒಂದು ಹಳೆಯ ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. “ಬೆಚ್ಚನೆಯ ಉಡುಪು” ಎಂದು ನಾವು ಹೇಳುತ್ತೇವಷ್ಟೆ. ಉಡುಪಿನಲ್ಲಿ ಬೆಚ್ಚಗೆ ಎಂಬುದು ಎಲ್ಲಿಯೂ ಇಲ್ಲ. ಪೆಟ್ಟಿಗೆಯಲ್ಲಿಟ್ಟ ಸ್ವೆಟರಿನ ಉಷ್ಣತೆಯೂ ಪೆಟ್ಟಿಗೆಯ ಉಷ್ಣತೆಯೂ ಒಂದೇ. ಶಾಖವನ್ನು ಉತ್ಪಾದಿಸುವುದು ನಮ್ಮ ದೇಹ. ಸುಮ್ಮನೆ ಕುಳಿತ ವಯಸ್ಕನ ದೇಹ ಹೊರಸೂಸುವ ಶಾಖ ಸುಮಾರು 100 ವಾಟ್. ಉಡುಪು ಮಾಡುವುದೇನಿದ್ದರೂ ಆ ಶಾಖ ಹೊರಗೆ ಹರಿಯುವ ವೇಗವನ್ನು ತಗ್ಗಿಸುವ ಕೆಲಸವನ್ನು ಮಾತ್ರ. ಅದನ್ನಾದರೂ ಮಾಡುವುದು ಬಟ್ಟೆಯ ಎಳೆಗಳಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಈ ಸಂಗತಿಯನ್ನು ಪ್ರಯೋಗದಿಂದ ಪರಿಶೀಲಿಸಿದವನು ಕೌಂಟ್ ರಮ್‌ಫರ್ಡ್. ಫಿರಂಗಿಯನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ಗಮನಿಸಿ, ಉಷ್ಣವು ಒಂದು ದ್ರವ್ಯವಲ್ಲವೆಂದು ವಾದಿಸಿದವನು ಇವನೇ ಎಂಬುದನ್ನು ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. 1753ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಬವೇರಿಯದ ಅರಸನ ಸೇವೆಗೆ ಸೇರಿದ ಇವನ ಪಾಲಿಗೆ ಸೈನಿಕರ ಉಡುಪಿನ ವಿಚಾರವೂ ಬಂದಿತು. ಯಾವ ವಸ್ತು ಚಳಿಯನ್ನು ಹೆಚ್ಚಾಗಿ ತಡೆಯುತ್ತದೆ? ಅವನು ಒಂದು ಉಷ್ಣಮಾಪಕದ ಗುಂಡನ್ನು ಗಾಜಿನ ಗೋಳದ ನಡುವೆ ಇಟ್ಟು, ಸುತ್ತಲಿನ ಎಡೆಯಲ್ಲಿ ಒಂದು ಗ್ರಾಮಿನಷ್ಟು ಉಣ್ಣೆಯನ್ನೋ ಹತ್ತಿಯನ್ನೋ ರೇಷ್ಮೆಯನ್ನೋ ತುಂಬಿ, ಕುದಿನೀರಿನಲ್ಲಿ ಕಾಯಿಸಿ, ಬಳಿಕ ಮಂಜುಗಡ್ಡೆಯಲ್ಲಿ ಹುಗಿದು, ಅದು ತಣಿಯಲು ಹಿಡಿಯುವ ಕಾಲವನ್ನು ಎಣಿಸಿದನು. ಎಡೆಯಲ್ಲಿ ಬರಿಯ ಗಾಳಿಯಿದ್ದಾಗ 576 ಸೆಕೆಂಡು ಹಿಡಿಯಿತು. ಹತ್ತಿಯಿಂದ 1,046, ಕುರಿಯ ಉಣ್ಣೆಯಿಂದ 1,118, ಈಡರ್ ಬಾತಿನ ಎದೆಯ ತುಪ್ಪುಳಿನಿಂದ 1,305 ಸೆಕೆಂಡು. ಈ ಲೇಖನಗಳಿಗಾಗಿ 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕವನ್ನು ಕೊಟ್ಟಿತು.

ಈ ಅಂಕಿಗಳಲ್ಲಿ ಒಂದು ಒಗಟು ಅಡಗಿದೆ. ಉಣ್ಣೆಯ ಎಳೆಯ ಉಷ್ಣವಾಹಕತೆ ನಿಶ್ಚಲವಾದ ಗಾಳಿಯ ವಾಹಕತೆಗಿಂತ ಸುಮಾರು ಎಂಟು ಪಟ್ಟು ಹೆಚ್ಚು. ಹಾಗಿರುವಾಗ ಗಾಳಿಯಿದ್ದ ಎಡೆಯಲ್ಲಿ ಉಣ್ಣೆಯನ್ನು ತುಂಬಿದರೆ ಶಾಖ ಬೇಗ ಹರಿದುಹೋಗಬೇಕಲ್ಲವೆ? ಆದುದು ಅದಕ್ಕೆ ವಿರುದ್ಧ. ಕಾರಣವಿಷ್ಟೆ: ಬರಿಯ ಗಾಳಿ ನಿಶ್ಚಲವಾಗಿ ನಿಲ್ಲುವುದಿಲ್ಲ. ಬಿಸಿಯಾದ ಭಾಗ ಮೇಲೇರುತ್ತದೆ, ತಣ್ಣನೆಯದು ಆ ಸ್ಥಳಕ್ಕೆ ಬರುತ್ತದೆ. ಈ ಸಂವಹನದ ಓಟದಲ್ಲಿ ಶಾಖ ಸಾಗಿಹೋಗುತ್ತದೆ. ಉಣ್ಣೆಯ ಸುರುಳಿ ಸುರುಳಿ ಎಳೆಗಳು ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕಟ್ಟಿಹಾಕುತ್ತವೆ. ಕಾವಲುಗಾರನಾಗಿ ನಿಂತಿರುವುದು ಎಳೆ. ಶಾಖವನ್ನು ತಡೆಯುವುದು ಸೆರೆಸಿಕ್ಕಿದ ಗಾಳಿ. ಬಿಡಿ ರೇಷ್ಮೆಯ ಎಳೆಗಳಿಗಿಂತ ಹೊಸೆದ ರೇಷ್ಮೆಯ ದಾರವು ಕಡಮೆ ಪ್ರಯೋಜನಕಾರಿಯೆಂಬುದನ್ನೂ ರಮ್‌ಫರ್ಡನು ಕಂಡನು. ಹೊಸೆದಾಗ ಗಾಳಿ ಹೊರಬಿದ್ದುಹೋಗಿರುತ್ತದೆ. ಗಾಳಿ ಶಾಖವನ್ನು ವಹಿಸುವುದೇ ಇಲ್ಲವೆಂದು ಅವನು ನಂಬಿದ್ದುದು ತಪ್ಪು. ಆದರೆ ದಾರಿ ಸರಿಯಾಗಿತ್ತು.

ಆದುದರಿಂದ ಚಳಿಗೆ ಕೋಟು ಕೊಳ್ಳುವವನು ನಿಜವಾಗಿ ಕೊಳ್ಳುತ್ತಿರುವುದು ಕೆಲವು ಮಿಲಿಮೀಟರ್ ದಪ್ಪದ ನಿಶ್ಚಲ ಗಾಳಿಯನ್ನು. ಎಷ್ಟು ಮಿಲಿಮೀಟರ್ ಎಂಬುದಕ್ಕೂ ಲೆಕ್ಕವುಂಟು. 1941ರಲ್ಲಿ ಗ್ಯಾಗಿ, ಬರ್ಟನ್, ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು ಉಡುಪಿನ ಉಷ್ಣರೋಧವನ್ನು ಅಳೆಯಲು “ಕ್ಲೋ” ಎಂಬ ಮಾನವನ್ನು ಬಳಕೆಗೆ ತಂದರು. 21 ಡಿಗ್ರಿಯ, ಗಾಳಿಯಾಡದ ಕೋಣೆಯಲ್ಲಿ ಸುಮ್ಮನೆ ಕುಳಿತ ಮನುಷ್ಯನನ್ನು ಹಿತವಾಗಿಡಲು ಬೇಕಾದ ಉಡುಪು ಒಂದು ಕ್ಲೋ. ಸ್ಥೂಲವಾಗಿ, ಅಂಗಿ, ಷರಾಯಿ, ಕೋಟು ಕೂಡಿದ ಒಂದು ಪೂರ್ಣ ಸೂಟು. ಭೌತವಿಜ್ಞಾನದ ಮಾನಗಳಲ್ಲಿ ಇದು ಒಂದು ಚದರ ಮೀಟರಿಗೆ, ಪ್ರತಿ ವಾಟಿಗೆ 0.155 ಡಿಗ್ರಿ. ನಿಶ್ಚಲವಾದ ಗಾಳಿಯ ವಾಹಕತೆ 0.026 ಎಂದಿಟ್ಟುಕೊಂಡು ಗುಣಿಸಿದರೆ 4 ಮಿಲಿಮೀಟರ್ ಬರುತ್ತದೆ. ನಿಜವಾದ ಬಟ್ಟೆಯಲ್ಲಿ ಎಳೆಗಳೂ ಇರುವುದರಿಂದ ಒಂದು ಕ್ಲೋವಿಗೆ ಆರು ಮಿಲಿಮೀಟರಿನಷ್ಟು ದಪ್ಪ ಬೇಕಾಗುತ್ತದೆ.

ಹಾಗಾದರೆ ದಪ್ಪವಾದ ಜಾಕೆಟ್ಟೇ ಮೇಲಲ್ಲವೆ? ನಮ್ಮ ತರುಣನ ಪ್ರಶ್ನೆ ಇರುವುದು ಇಲ್ಲಿಯೇ. ಒಂದು ಸಣ್ಣ ಲೆಕ್ಕವನ್ನು ಮಾಡೋಣ.

ನೆತ್ತಿಯ ಮೇಲೆ ಉಷ್ಣತೆ 10 ಡಿಗ್ರಿ. ಚರ್ಮದ ಉಷ್ಣತೆ 33 ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 23 ಡಿಗ್ರಿ. ಕುಳಿತ ಮನುಷ್ಯನ ಚರ್ಮದ ಒಂದು ಚದರ ಮೀಟರಿನಿಂದ ಹೊರಬೀಳುವ ಶಾಖ ಸುಮಾರು 58 ವಾಟ್. ಅದರಲ್ಲಿ ಕಾಲುಭಾಗ ಉಸಿರಿನಿಂದಲೂ ಚರ್ಮದಿಂದ ಕಾಣದಂತೆ ಆರುವ ತೇವದಿಂದಲೂ ಹೋಗುತ್ತದೆ. ಮಿಕ್ಕ 44 ವಾಟ್ ಉಡುಪಿನ ಮೂಲಕ ಹೋಗಬೇಕು. 23ನ್ನು 44ರಿಂದ ಭಾಗಿಸಿದರೆ 0.52, ಎಂದರೆ 3.4 ಕ್ಲೋ. ನಮ್ಮ ಹೊರಮೈಗೆ ಅಂಟಿಕೊಂಡ ಗಾಳಿಯ ತೆಳು ಹೊದಿಕೆಯಿಂದಲೇ 0.8ರಷ್ಟು ದೊರೆಯುವುದರಿಂದ, ಉಡುಪು ಒದಗಿಸಬೇಕಾದುದು ಎರಡೂವರೆ ಕ್ಲೋಗಿಂತ ತುಸು ಹೆಚ್ಚು. ಸೂಟಿನ ಮೇಲೆ ಇನ್ನೂ ಒಂದೂವರೆ ಸೂಟು!

ಈಗ ಅದೇ ಮನುಷ್ಯನು ಬೆಟ್ಟವನ್ನು ಏರುತ್ತಿದ್ದಾನೆ. ದೇಹದ ಶಾಖೋತ್ಪತ್ತಿ ನಾಲ್ಕು ಪಟ್ಟಾದರೂ ಆಗಿರುತ್ತದೆ. ಲೆಕ್ಕವನ್ನು ಮತ್ತೆ ಮಾಡಿದರೆ ಒಟ್ಟು ಉಷ್ಣರೋಧ 0.84 ಕ್ಲೋ ಸಾಕು. ಸುತ್ತಲಿನ ಗಾಳಿಯ ಪಾಲನ್ನು ಕಳೆದರೆ ಉಡುಪಿನ ಪಾಲಿಗೆ ಅರ್ಧ ಕ್ಲೋ ಸಹ ಉಳಿಯುವುದಿಲ್ಲ. ಒಂದು ಅಂಗಿ, ಒಂದು ತೆಳು ಷರಾಯಿ, ಅಷ್ಟೆ.

ಒಂದೇ ಬೆಟ್ಟ, ಒಂದೇ ಮುಂಜಾನೆ, ಒಂದೇ ಉಷ್ಣತೆ. ಆದರೂ ಬೇಕಾದ ಉಡುಪಿನಲ್ಲಿ ಐದು ಪಟ್ಟು ವ್ಯತ್ಯಾಸ. ಯಾವ ಒಂಟಿ ಜಾಕೆಟ್ಟೂ, ಅದಕ್ಕೆ ಎಷ್ಟೇ ಹಣ ತೆತ್ತಿರಲಿ, ಎರಡೂವರೆಯೂ ಅರ್ಧವೂ ಏಕಕಾಲದಲ್ಲಿ ಆಗಲಾರದು. ಮೂರು ತೆಳು ಉಡುಪುಗಳಾದರೆ ಅರ್ಧ, ಒಂದು, ಒಂದೂವರೆ ಎಂದು ಮೆಟ್ಟಿಲುಗಳನ್ನು ಮಾಡಿಕೊಡುತ್ತವೆ. ಒಂದರ ಮೇಲೊಂದು ತೊಡುವುದರ ಪ್ರಯೋಜನ ಇದು. ಪದರಗಳ ನಡುವೆ ಒಂದಿಷ್ಟು ಹೆಚ್ಚು ಗಾಳಿ ಸಿಕ್ಕಿಕೊಳ್ಳುವುದು ನಿಜವಾದರೂ, ಅದು ಎರಡನೆಯ ಲಾಭ. ಮೊದಲನೆಯದು, ಬಿಚ್ಚಲು ಬರುತ್ತದೆ ಎಂಬುದು.

ಬಿಚ್ಚದಿದ್ದರೇನಾಗುತ್ತದೆ? ಶಾಖ ಹೊರಹೋಗಲು ಬೇರೆ ದಾರಿಯಿಲ್ಲದೆ ದೇಹ ಬೆವರುತ್ತದೆ. ಒಂದು ಗ್ರಾಮ್ ಬೆವರು ಆವಿಯಾಗಲು ಸುಮಾರು 2,400 ಜೂಲ್ ಶಾಖವನ್ನು ಹೀರುತ್ತದೆ. ಗುಪ್ತೋಷ್ಣವೆಂದು ನಾವು ಕರೆಯುವುದು ಇದನ್ನೇ. ಬಯಲಿನಲ್ಲಿ ಓಡುವವನಿಗೆ ಇದು ವರ. ಆದರೆ ದಪ್ಪ ಜಾಕೆಟ್ಟಿನೊಳಗೆ ಬೆವರು ಆರುವುದಿಲ್ಲ; ಹತ್ತಿಯ ಅಂಗಿಯೊಳಗೆ ಸಾಲದಂತೆ ಕೂಡಿಕೊಳ್ಳುತ್ತದೆ. ಸಾಲವನ್ನು ವಸೂಲು ಮಾಡುವವನು ಬರುವುದು ನಾವು ಕುಳಿತ ಮೇಲೆ. ಅಂಗಿಯಲ್ಲಿ 200 ಗ್ರಾಮ್ ಬೆವರು ಉಳಿದಿದೆಯೆನ್ನೋಣ. ಒಂದು ಲೋಟದಷ್ಟು ನೀರು. ಜಿಪ್ಪನ್ನು ತೆರೆದು ಗಾಳಿಗೆ ಕುಳಿತಾಗ ಅದು ಒಂದು ಗಂಟೆಯಲ್ಲಿ ಆರಿದರೆ, ಹೀರಿಕೊಳ್ಳುವ ಶಾಖ 4,80,000 ಜೂಲ್. ಸೆಕೆಂಡಿಗೆ 133 ಜೂಲ್. ಕುಳಿತ ದೇಹ ಉತ್ಪಾದಿಸುವುದು 100. ಸುತ್ತಲಿನ ಗಾಳಿಯಿಂದಲೂ ಸ್ವಲ್ಪ ಶಾಖ ಬರುವುದಾದರೂ, ದೇಹದ ವರಮಾನಕ್ಕಿಂತ ಖರ್ಚು ಹೆಚ್ಚಾಯಿತೆಂಬುದು ಸ್ಪಷ್ಟ. ಇದರೊಂದಿಗೆ ಇನ್ನೊಂದು ಅನರ್ಥವೂ ಉಂಟು. ಎಳೆಗಳ ನಡುವಿನ ಗಾಳಿಯ ಸ್ಥಳವನ್ನು ಈಗ ನೀರು ಹಿಡಿದಿದೆ. ನೀರಿನ ವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಕಾವಲುಗಾರನು ನಿಂತಿದ್ದಾನೆ, ಸೆರೆಯಾಳು ಮಾತ್ರ ತಪ್ಪಿಸಿಕೊಂಡಿದ್ದಾನೆ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೊಥರ್ಮಿಯ ಎನ್ನುತ್ತಾರೆ. ನಡುಕ, ಬೆರಳುಗಳ ಜಡತೆ, ತೊದಲು ಮಾತು, ಮಂಕು ಇವು ಅದರ ಮೊದಲ ಗುರುತುಗಳು. ಇದಕ್ಕೆ ಹಿಮವೇ ಬೀಳಬೇಕಾಗಿಲ್ಲ; ಒದ್ದೆ ಬಟ್ಟೆ, ಗಾಳಿ, ಹತ್ತು ಡಿಗ್ರಿ, ದಣಿದ ದೇಹ ಸಾಕು. ಕರ್ನಾಟಕದ ವಿದ್ಯಾರ್ಥಿಗಳು ಈಗ ಹಿಮಾಲಯದ ಚಾರಣಕ್ಕೆ ಹೆಚ್ಚು ಹೆಚ್ಚಾಗಿ ಹೋಗುತ್ತಿದ್ದಾರೆ. 2024ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ನಮ್ಮ ನಾಡಿನಿಂದ ಹೋದ ಗುಂಪು ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಅಂಥ ದುರಂತವನ್ನು ಉಡುಪಿನ ಮಾತಿಗೆ ಇಳಿಸುವುದು ಅವಿವೇಕ. ಹವೆ ಕೆಟ್ಟಾಗ ಎತ್ತರದಲ್ಲಿ ಮನುಷ್ಯನ ಬಲ ಎಷ್ಟು ಅಲ್ಪವೆಂಬುದನ್ನು ನೆನಪಿಸಲು ಮಾತ್ರ ಇಲ್ಲಿ ಹೇಳಿದೆವು. ಜೊತೆಗಾರನು ನಡುಗುತ್ತ ತೊದಲಿದರೆ ಅವನನ್ನು ಗೇಲಿ ಮಾಡಬಾರದು. ಗಾಳಿಯ ಮರೆಗೆ ಕರೆದೊಯ್ದು, ಒದ್ದೆಯನ್ನು ಕಳಚಿ, ಒಣಗಿದುದನ್ನು ತೊಡಿಸಬೇಕು. ಎಚ್ಚರವಿದ್ದರೆ ಬಿಸಿಯಾದ, ಸಿಹಿಯಾದ ಪಾನೀಯವನ್ನು ಕೊಡಬೇಕು.

ಗಾಳಿಯ ಮಾತು ಬಂದಿತು. ಸೆರೆಯಲ್ಲಿರುವ ಗಾಳಿ ನಮ್ಮ ಮಿತ್ರ. ಬೀಸುವ ಗಾಳಿ ಶತ್ರು. ಹೆಣಿಗೆಯ ಸ್ವೆಟರಿನ ತೂತುಗಳ ಮೂಲಕ ಅದು ಸಲೀಸಾಗಿ ನುಗ್ಗಿ ಬೆಚ್ಚಗಿನ ಗಾಳಿಯನ್ನು ಒರೆಸಿಕೊಂಡು ಹೋಗುತ್ತದೆ. ಇಂದು ಕೆನಡ, ಅಮೆರಿಕಗಳಲ್ಲಿ ಬಳಕೆಯಲ್ಲಿರುವ ಸೂತ್ರದ ಪ್ರಕಾರ, ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸುವಾಗ 10 ಡಿಗ್ರಿಯು ತೆರೆದ ಚರ್ಮಕ್ಕೆ 6 ಡಿಗ್ರಿಯಂತೆ ತೋರುತ್ತದೆ. ಆದುದರಿಂದ ಹೊರಪದರದ ಗುಣ ದಪ್ಪವಲ್ಲ, ಬಿಗಿಯಾದ ನೆಯ್ಗೆ. ಆ ವಿದ್ಯಾರ್ಥಿನಿಯ ಹಗುರವಾದ ಜಾಕೆಟ್ಟು ತಾನಾಗಿ ಹೆಚ್ಚೇನೂ ಬೆಚ್ಚಗಿಡುತ್ತಿರಲಿಲ್ಲ. ಅಜ್ಜಿಯ ಸ್ವೆಟರನ್ನು ಬೆಚ್ಚಗಿಡಲು ಬಿಟ್ಟಿತು, ಅಷ್ಟೆ. ಪೂರ್ತಿ ಗಾಳಿಯಾಡದ ಪ್ಲಾಸ್ಟಿಕ್ ಮಳೆಕೋಟಿನಲ್ಲಿ ಬೆವರಿನ ಆವಿಗೂ ದಾರಿಯಿರುವುದಿಲ್ಲವಾದುದರಿಂದ, ಮಳೆಯಿಲ್ಲದಾಗ ಅದನ್ನು ಹಾಕಿಕೊಂಡು ಬೆಟ್ಟ ಏರುವುದು ತನ್ನ ಬೆವರಿನಲ್ಲಿ ತಾನೇ ನೆನೆಯುವ ಉಪಾಯ.

ಆ ಮುದುಕರ ಕಂಬಳಿಯನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ನಮ್ಮ ಬಯಲುಸೀಮೆಯ ಕುರಿಯ ಒರಟು ಉಣ್ಣೆಯಿಂದ ನೆಯ್ದ ಕಂಬಳಿಯನ್ನು ಮಲೆನಾಡಿನ ರೈತನು ಕೊಪ್ಪೆಯಾಗಿ ಮಡಿಸಿ ತಲೆಯ ಮೇಲೆ ಹಾಕಿಕೊಂಡು, ಸುರಿಯುವ ಮಳೆಯಲ್ಲಿ ನಾಟಿಯ ಕೆಲಸ ಮಾಡುತ್ತಿದ್ದನು. ಉಣ್ಣೆಯ ಎಳೆಯ ಹೊರಮೈ ನೀರಿನ ಹನಿಯನ್ನು ಬೇಗ ಒಳಕ್ಕೆ ಬಿಡುವುದಿಲ್ಲ. ಆದರೆ ನೀರಿನ ಆವಿಯನ್ನು ಎಳೆಯ ಒಳಭಾಗ ಹೀರುತ್ತದೆ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿದರೂ ಮುಟ್ಟಿದರೆ ಒದ್ದೆಯೆನಿಸದು. ಹೀರುವಾಗ ಸ್ವಲ್ಪ ಶಾಖವನ್ನು ಬಿಡುಗಡೆ ಮಾಡುವುದು ಉಣ್ಣೆಯ ಇನ್ನೊಂದು ಗುಣ. ಸುರುಳಿಯಾದ ಎಳೆಗಳು ನೆನೆದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ಸೆರೆಯ ಗಾಳಿಯಲ್ಲಿ ಒಂದಂಶ ಉಳಿಯುತ್ತದೆ. ಹತ್ತಿಯಾದರೋ ನೆನೆದು ಮೈಗಂಟುತ್ತದೆ. ಇಂದಿನ ಪಾಲಿಎಸ್ಟರ್ ಎಳೆ ಬೇರೊಂದು ದಾರಿ ಹಿಡಿಯುತ್ತದೆ: ಅದು ನೀರನ್ನು ಹೀರುವುದೇ ಇಲ್ಲವೆನ್ನಬಹುದು, ಆದುದರಿಂದ ಬೇಗ ಆರುತ್ತದೆ. ಬೆವರುವ ಕೆಲಸವಿದ್ದಾಗ ಮೈಗೆ ಹತ್ತಿದ ಪದರ ತೆಳು ಉಣ್ಣೆಯದೋ ಪಾಲಿಎಸ್ಟರಿನದೋ ಆಗಿರುವುದು ಲೇಸು. ತರಗತಿಯಲ್ಲಿ ಕುಳಿತು ಪಾಠ ಕೇಳುವವರಿಗೆ ಹತ್ತಿಯಿಂದ ಯಾವ ಬಾಧೆಯೂ ಇಲ್ಲ.

ಈ ವಿಚಾರದ ಇತಿಹಾಸದಲ್ಲಿ ನಮಗೆ ಬಹಳ ಪ್ರಿಯನಾದ ವ್ಯಕ್ತಿ ಜಾರ್ಜ್ ಇಂಗಲ್ ಫಿಂಚ್. ಆಸ್ಟ್ರೇಲಿಯದಲ್ಲಿ ಹುಟ್ಟಿದ ಈ ರಸಾಯನವಿಜ್ಞಾನಿ 1922ರ ಎವರೆಸ್ಟ್ ತಂಡದಲ್ಲಿದ್ದನು. ಉಳಿದವರು ಉಣ್ಣೆಯ ಸ್ವೆಟರು, ಕೋಟು, ಮಫ್ಲರುಗಳಲ್ಲಿ ಹಳೆಯ ಕಾಲದ ಶಿಕಾರಿಗಳಂತೆ ಶೋಭಿಸುತ್ತಿರಲು, ಫಿಂಚ್ ತಾನೇ ಮಾಡಿಸಿಕೊಂಡ ಒಂದು ವಿಚಿತ್ರ ಕೋಟನ್ನು ತೊಟ್ಟು ಬಂದನು: ಹೊರಗೆ ಬೆಲೂನಿನ ಬಟ್ಟೆ, ಒಳಗೆ ಈಡರ್ ಬಾತಿನ ತುಪ್ಪುಳು. ರಮ್‌ಫರ್ಡನ ಪಟ್ಟಿಯಲ್ಲಿ ಮೇಲಿದ್ದ ಅದೇ ತುಪ್ಪುಳು! ಜೊತೆಗಾರರು ನಕ್ಕರು. ಎತ್ತರಕ್ಕೆ ಏರಿದ ಮೇಲೆ ನಗು ನಿಂತಿತು. ಆ ಮೇ ತಿಂಗಳಿನಲ್ಲಿ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಸುಮಾರು 8,300 ಮೀಟರ್ ತಲಪಿದರು. ಅಲ್ಲಿಯವರೆಗೆ ಯಾರೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ಇದೇ ಫಿಂಚ್ 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದನೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಇಂದು ಅಂಗಡಿಯಲ್ಲಿ ತೂಗುವ ಉಬ್ಬು ಜಾಕೆಟ್ಟುಗಳ ಹಿರಿಯಜ್ಜ ಅವನ ಕೋಟು.

ಹಾಗೆಂದು ಹಳೆಯ ಪದರಗಳ ಪದ್ಧತಿ ಹಾಸ್ಯಾಸ್ಪದವೇನೂ ಆಗಿರಲಿಲ್ಲ. 1924ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲೊರಿಯ ದೇಹ 1999ರಲ್ಲಿ ದೊರೆತಾಗ, ಅವನ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಗಳ ಪದರಗಳೂ ಅವುಗಳ ಮೇಲೆ ಒತ್ತಾಗಿ ನೆಯ್ದ ಗ್ಯಾಬರ್ಡೀನ್ ಬಟ್ಟೆಯ ಹೊರಗೋಟೂ ಇದ್ದುವು. ಆ ಚೂರುಗಳನ್ನು ಪರಿಶೀಲಿಸಿ ಅಂಥದೇ ಉಡುಪನ್ನು ಹೊಸದಾಗಿ ಹೊಲಿಸಿ, 2006ರಲ್ಲಿ ಗ್ರಹಾಮ್ ಹೊಯ್ಲಂಡ್ ಎಂಬ ಆರೋಹಿ ಎವರೆಸ್ಟಿನ ತಪ್ಪಲಿನಲ್ಲಿ ತೊಟ್ಟು ನೋಡಿದನು. ನಡೆಯುವಾಗ ಅದು ಹಗುರವೂ ಹಿತವೂ ಆಗಿತ್ತು. ನುಣುಪಾದ ರೇಷ್ಮೆಯ ಮೇಲೆ ಉಣ್ಣೆ ಜಾರುವುದರಿಂದ ಕೈಕಾಲುಗಳ ಚಲನೆಗೆ ಅಡ್ಡಿಯಿರಲಿಲ್ಲ. ಆದರೆ ಆ ಎತ್ತರದಲ್ಲಿ ಬಯಲಿನಲ್ಲಿ ಒಂದು ರಾತ್ರಿ ಕಳೆಯಲು ಅದು ಸಾಲದೆಂದು ಅವನ ಅಭಿಪ್ರಾಯ. ನಡೆಯುವವನಿಗೆ ಬೇಕಾದುದೂ ನಿಂತವನಿಗೆ ಬೇಕಾದುದೂ ಬೇರೆ ಬೇರೆ ಎಂಬ ನಮ್ಮ ಲೆಕ್ಕವನ್ನು ಇದಕ್ಕೆ ಹೋಲಿಸಿ ನೋಡಬಹುದು.

ಬೆಟ್ಟಕ್ಕೆ ಎಂದೂ ಹೋಗದ ವಾಚಕರು “ನಮಗೇನು?” ಎಂದು ಕೇಳಬಹುದು. ಡಿಸೆಂಬರ್ ತಿಂಗಳಿನಲ್ಲಿ ಬೆಂಗಳೂರಿನ ಮುಂಜಾನೆ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸು, ಮಧ್ಯಾಹ್ನ 27. ಏಳು ಗಂಟೆಗೆ ಬಸ್ಸಿಗೆ ಕಾಯುತ್ತ ನಿಂತು, ಓಡಿ ಹತ್ತಿ, ಜನಸಂದಣಿಯಲ್ಲಿ ಬೆಂದು, ತಣ್ಣನೆಯ ಕಲ್ಲಿನ ಕಟ್ಟಡದ ತರಗತಿಯಲ್ಲಿ ಕುಳಿತು, ಒಂದು ಗಂಟೆಯ ಬಿಸಿಲಿನಲ್ಲಿ ಮನೆಗೆ ಮರಳುವ ವಿದ್ಯಾರ್ಥಿಯ ಸಮಸ್ಯೆ ಮುಳ್ಳಯ್ಯನಗಿರಿಯದೇ; ಅಪಾಯ ಮಾತ್ರ ಇಲ್ಲ. ಅಲ್ಲಿ ಪ್ರಾಣದ ಪ್ರಶ್ನೆಯಾದುದು ಇಲ್ಲಿ ಅಂದದ ಪ್ರಶ್ನೆಯಾಗುತ್ತದೆ.

ಅಂದವನ್ನು ಕುರಿತು ಭೌತವಿಜ್ಞಾನದ ಅಧ್ಯಾಪಕನು ಮಾತನಾಡುವುದು ಕೆಲವರಿಗೆ ನಗೆ ತರಿಸಬಹುದು. ನಮ್ಮ ಮನೆಯಲ್ಲಿಯೂ ನಗುವವರಿದ್ದಾರೆ. ಆದರೆ ಒಳ್ಳೆಯ ದರ್ಜಿಯ ಮಾತೂ ಉಷ್ಣಶಾಸ್ತ್ರದ ಮಾತೂ ಅನೇಕ ಕಡೆ ಒಂದೇ ಆಗಿರುವುದನ್ನು ನಾವು ಕಂಡಿದ್ದೇವೆ. ಮೂರು ಉಡುಪು ತೊಟ್ಟವನು ಮೂಟೆಯಂತೆ ಕಾಣುವುದಕ್ಕೆ ಮುಖ್ಯ ಕಾರಣ ಕಂಕುಳು ಮತ್ತು ಹೆಗಲು. ಒಂದೇ ಅಳತೆಯ ಮೂರು ಉಡುಪುಗಳನ್ನು ಒಂದರ ಮೇಲೊಂದು ತುರುಕಿದಾಗ ಬಟ್ಟೆ ಅಲ್ಲಿ ಸುಕ್ಕುಗಟ್ಟಿ ನಿಲ್ಲುತ್ತದೆ. ಬೇರೆ ಕಡೆ ಹೊರಗಿನದು ಒಳಗಿನದನ್ನು ಅದುಮುತ್ತದೆ. ಅದುಮಿದ ಸ್ವೆಟರಿನಿಂದ ಗಾಳಿ ಹೊರಬಿದ್ದುದರಿಂದ ಅದು ಅಂದವನ್ನೂ ಬಿಸುಪನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. ಹೊರಗಿನ ಕೋಟನ್ನು ಒಳಗಿನ ಸ್ವೆಟರನ್ನು ತೊಟ್ಟುಕೊಂಡೇ ಅಳತೆ ನೋಡಬೇಕೆಂದು ನಮ್ಮ ಊರಿನ ದರ್ಜಿ ಹೇಳುತ್ತಿದ್ದುದು ಇದಕ್ಕಾಗಿಯೇ. ಹಾಗೆಂದು ತೀರ ಸಡಿಲವಾದರೆ ಒಳಗಿನ ಎಡೆಯಲ್ಲಿ ಗಾಳಿ ಮತ್ತೆ ಓಡಾಡಲು ತೊಡಗುತ್ತದೆ. ಬೆರಳು ತೂರುವಷ್ಟು ಸಡಿಲ ಸಾಕು.

ನಡುವಿನ ಪದರಕ್ಕೆ ತೋಳಿಲ್ಲದ ಸ್ವೆಟರನ್ನೋ ವೇಸ್ಟ್‌ಕೋಟನ್ನೋ ನಾವು ಎಲ್ಲಕ್ಕಿಂತ ಮೆಚ್ಚುತ್ತೇವೆ. ಮುಖ್ಯ ಅಂಗಗಳಿರುವ ಎದೆಯನ್ನೂ ಬೆನ್ನನ್ನೂ ಅದು ಕಾಯುತ್ತದೆ. ಕಂಕುಳಲ್ಲಿ ಒಂದು ಪದರ ಕಡಮೆಯಾಗುತ್ತದೆ. ಕೈ ಎತ್ತಿ ಬಸ್ಸಿನ ಕಂಬಿಯನ್ನು ಹಿಡಿಯಲು ಸುಲಭ. ಹೊರಕೋಟಿಗೆ ನುಣುಪಾದ ಅಸ್ತರಿದ್ದರೆ ಉಣ್ಣೆಯ ಮೇಲೆ ಜಾರುತ್ತದೆ. ಅಸ್ತರಿಲ್ಲದ ಒರಟು ಬಟ್ಟೆ ಸ್ವೆಟರಿನ ತೋಳನ್ನು ಮೊಣಕೈವರೆಗೆ ಎಳೆದುಕೊಂಡು ಹೋಗಿ ತೊಟ್ಟವನನ್ನು ನಗೆಗೀಡುಮಾಡುತ್ತದೆ. ಹೊರಗಿನದರ ಅಂಚು ಒಳಗಿನದಕ್ಕಿಂತ ಒಂದಂಗುಲವಾದರೂ ಕೆಳಗಿರಬೇಕು. ಇದು ನೋಟಕ್ಕೆ ಚೆನ್ನ, ಕೆಳಗಿನಿಂದ ನುಗ್ಗುವ ಗಾಳಿಗೂ ತಡೆ.

ಕೊರಳಿನ ವಿಷಯ ಸ್ವಾರಸ್ಯಕರವಾದುದು. ಮೈಗೂ ಬಟ್ಟೆಗೂ ನಡುವೆ ಕಾದ ಗಾಳಿ ಹಗುರಾಗಿ ಮೇಲೇರಿ ಕಾಲರಿನ ಬಾಯಿಂದ ಹೊರಬೀಳುತ್ತದೆ. ನಮ್ಮ ಉಡುಪು ಒಂದು ಹೊಗೆಗೂಡಿನಂತೆ. ಕೊರಳನ್ನು ಮುಚ್ಚಿದರೆ ಹೊಗೆಗೂಡಿನ ಬಾಯಿ ಮುಚ್ಚಿತು. ಹಳೆಯ ಮೈಸೂರಿನ ಅಧ್ಯಾಪಕರ ಭಾವಚಿತ್ರಗಳಲ್ಲಿ ಕಾಣುವ, ಕೊರಳವರೆಗೆ ಗುಂಡಿಯಿರುವ ಕೋಟು, ಅದರ ಮೇಲೊಂದು ಶಲ್ಯ, ಇವು ಗಾಂಭೀರ್ಯಕ್ಕಾಗಿ ಹುಟ್ಟಿದುವೇ ಇರಬಹುದು. ಕವಾಟದ ಕೆಲಸವನ್ನಂತೂ ಚೆನ್ನಾಗಿ ಮಾಡುತ್ತಿದ್ದುವು. ಸೆಖೆಯಾದರೆ ಶಲ್ಯ ಹೆಗಲಿಗೆ ಇಳಿಯುತ್ತಿತ್ತು. ಮತ್ತೂ ಸೆಖೆಯಾದರೆ ಮೇಲಿನ ಎರಡು ಗುಂಡಿ ಬಿಚ್ಚಿಕೊಳ್ಳುತ್ತಿತ್ತು. ಇಡೀ ಕೋಟನ್ನು ಕಳಚುವ ಮೊದಲು ಕೊರಳನ್ನು ತೆರೆದು ನೋಡುವ ಈ ಕ್ರಮ ಜಿಪ್ಪಿನ ಜಾಕೆಟ್ಟಿಗೂ ಸಲ್ಲುತ್ತದೆ. ಆದರೆ ತೆರೆಯಬೇಕಾದುದು ಏರುವಾಗ. ತುದಿಯಲ್ಲಿ ಕುಳಿತ ಮೇಲಲ್ಲ.

ಬಣ್ಣದ ವಿಷಯದಲ್ಲಿ ಭೌತವಿಜ್ಞಾನ ಉದಾರಿ. ಕಪ್ಪು ಬಟ್ಟೆ ಬಿಸಿಲಿನಲ್ಲಿ ಹೆಚ್ಚು ಕಾಯುವುದು ನಿಜ. ಆದರೆ ನಮ್ಮ ದೇಹದಿಂದ ಹೊರಡುವ ವಿಕಿರಣದ ತರಂಗಮಾನ 10 ಮೈಕ್ರೋಮೀಟರಿನ ಸಮೀಪದ್ದು, ಅದು ಕಣ್ಣಿಗೆ ಕಾಣದು. ಆ ಬೆಳಕಿನಲ್ಲಿ ನೋಡಬಲ್ಲ ಕಣ್ಣಿಗೆ ಬಿಳಿಯಂಗಿ, ಕೆಂಪು ಸ್ವೆಟರು, ನೀಲಿ ಕೋಟು ಮೂರೂ ಹೆಚ್ಚು ಕಡಮೆ ಕಪ್ಪೇ. ಆದುದರಿಂದ ಮಂಜಿನ ಮುಂಜಾನೆಯಲ್ಲಿ ಯಾವ ಬಣ್ಣದ ಮೇಲೆ ಯಾವ ಬಣ್ಣ ಒಪ್ಪುತ್ತದೆಂಬುದನ್ನು ಕನ್ನಡಿಯೇ ನಿರ್ಣಯಿಸಲಿ. ನಮ್ಮ ಸ್ವಂತ ಅಭಿಪ್ರಾಯವನ್ನು ಕೇಳಿದರೆ, ಮೂರು ಪದರಗಳಲ್ಲಿ ಒಂದು ಮಾತ್ರ ಢಾಳವಾಗಿರಲಿ ಎನ್ನುವೆವು. ಒಳಗಿನ ಅಂಗಿ ಹಳೆಯದೇ ಆಗಿದ್ದರೂ ಒಗೆದು ಇಸ್ತ್ರಿ ಮಾಡಿದುದಾಗಿರಲಿ. ನಾಚಿಕೆಯಿಂದ ಜಾಕೆಟ್ಟನ್ನು ಬಿಚ್ಚದೆ ಉಳಿಯುವ ಪ್ರಸಂಗ ಆಗ ಬರುವುದಿಲ್ಲ.

ಮೇಲಿನ ಮಾತುಗಳನ್ನು ನಮ್ಮ ಹೇಳಿಕೆಯ ಮೇಲೆ ನಂಬಬೇಕಾಗಿಲ್ಲ. ಒಂದೇ ಅಳತೆಯ, ಮುಚ್ಚಳವಿರುವ ನಾಲ್ಕು ತಗಡಿನ ಡಬ್ಬಿಗಳನ್ನು ತೆಗೆದುಕೊಳ್ಳಿ. ಹಳೆಯ ಸ್ವೆಟರೊಂದನ್ನು ಸಮನಾದ ಮೂರು ತುಂಡುಗಳಾಗಿ ಕತ್ತರಿಸಿ. ಮೊದಲನೆಯ ಡಬ್ಬಿ ಬರಿದಾಗಿರಲಿ. ಎರಡನೆಯದಕ್ಕೆ ಒಂದು ತುಂಡನ್ನು ಸಡಿಲವಾಗಿ ಸುತ್ತಿ. ಮೂರನೆಯದಕ್ಕೆ ಸುತ್ತಿ ದಾರದಿಂದ ಬಿಗಿಯಾಗಿ ಬಿಗಿಯಿರಿ. ನಾಲ್ಕನೆಯದಕ್ಕೆ ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿ. ಎಲ್ಲದರಲ್ಲಿಯೂ 70 ಡಿಗ್ರಿಯ ಬಿಸಿನೀರನ್ನು ಸಮವಾಗಿ ಎಚ್ಚರಿಕೆಯಿಂದ ತುಂಬಿ, ಐದು ಐದು ನಿಮಿಷಕ್ಕೆ ಉಷ್ಣತೆಯನ್ನು ಬರೆದುಕೊಳ್ಳಿ. ಮುಗಿದ ಮೇಲೆ ಎಲ್ಲವನ್ನೂ ಬೀಸಣಿಗೆಯ ಗಾಳಿಗೆ ಇಟ್ಟು ಮತ್ತೊಮ್ಮೆ ಮಾಡಿ. ಮೂರನೆಯ ಸಲ ಸಡಿಲವಾಗಿ ಸುತ್ತಿದ ಡಬ್ಬಿಗೆ ಮಾತ್ರ ಹೊರಗೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ತೊಡಿಸಿ. ಒಂದೇ ಗ್ರಾಫ್ ಕಾಗದದ ಮೇಲೆ ಎಲ್ಲ ವಕ್ರರೇಖೆಗಳನ್ನೂ ಎಳೆಯಿರಿ.

ಒದ್ದೆ ಬಟ್ಟೆಯ ಡಬ್ಬಿಯನ್ನು ಮಾತ್ರ ಬೇಗ ಬಿಟ್ಟೇಳಬೇಡಿ. ಉಳಿದುವು ಕೋಣೆಯ ಉಷ್ಣತೆಗೆ ಬಂದು ನಿಂತ ಮೇಲೆಯೂ ಅದು, ಬಟ್ಟೆ ಒಣಗುವವರೆಗೆ, ಇನ್ನೂ ಕೆಳಕ್ಕೆ ಇಳಿಯುತ್ತಿರುತ್ತದೆ.